ಹಳೆಯ ರೇಸಿಂಗ್ ಸೈಕಲ್: ಕೊಡಗಿನಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬದಲಿಸಬೇಕು

ಹಳೆಯ ರೇಸಿಂಗ್ ಸೈಕಲನ್ನು ಇದ್ದಂತೆಯೇ ಓಡಿಸಬೇಕೋ, ಹೊಸ ಸಾಮಾನು ಹಾಕಿಸಬೇಕೋ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಸಿಗುವ ಉತ್ತರ ಮಡಿಕೇರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ರಸ್ತೆ ಹೆಚ್ಚುಕಡಿಮೆ ಸಮತಟ್ಟು, ಬಿಡಿಭಾಗದ ಅಂಗಡಿ ಊರೊಳಗೇ ಇದೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಗೇಟು ದಾಟಿದ ಕೂಡಲೇ ಏರು, ಇಲ್ಲವೇ ಇಳಿಜಾರು. ಜಿಲ್ಲೆಯಲ್ಲಿ ರೈಲೇ ಇಲ್ಲ, ಬೇಕಾದದ್ದೆಲ್ಲ ಘಟ್ಟ ಹತ್ತಿ ಬರಬೇಕು.

ನಾನು ಹೇಳುತ್ತಿರುವುದು 1970 ಮತ್ತು 80ರ ದಶಕಗಳ ಉಕ್ಕಿನ ಫ್ರೇಮಿನ ಸೈಕಲ್‌ಗಳ ಬಗ್ಗೆ. ಕೆಳಕ್ಕೆ ಬಾಗಿದ ಹ್ಯಾಂಡಲ್, ಫ್ರೇಮಿನ ಓರೆ ಪೈಪಿನ ಮೇಲೆ ಎರಡು ಗೇರ್ ಲಿವರ್, ಹಿಂದೆ ಐದರಿಂದ ಏಳು ಹಲ್ಲುಚಕ್ರ. ಸೇನೆಯಲ್ಲಿದ್ದವರೋ ಹೊರದೇಶದಲ್ಲಿದ್ದ ನೆಂಟರೋ ತಂದ ಇಂತಹ ಸೈಕಲ್ ಒಂದೊಂದು ಮನೆಯ ಶೆಡ್ಡಿನಲ್ಲಿ ಕಾಫಿ ಚೀಲಗಳ ಹಿಂದೆ ಇನ್ನೂ ನಿಂತಿದೆ. ಅದನ್ನು ಹೊರತೆಗೆದು ಶಾಪಿಗೆ ಒಯ್ದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: “ಇದಕ್ಕೆ ಸಾಮಾನು ಸಿಗುವುದಿಲ್ಲ ಸಾರ್, ಹೊಸದು ತೆಗೆದುಕೊಳ್ಳಿ.” ಹಳೆಯ ಸೈಕಲಿನ ಅಭಿಮಾನಿಗಳನ್ನು ಕೇಳಿದರೆ ಮಾತು ತಿರುವುಮುರುವು: ಒಂದು ನಟ್ಟನ್ನೂ ಮುಟ್ಟಬೇಡಿ, ಮೂಲ ಸಾಮಾನಿನಲ್ಲೇ ಅದರ ಬೆಲೆಯಿದೆ. ಇಬ್ಬರೂ ಸೈಕಲನ್ನು ಇಡಿಯಾಗಿ ನೋಡುತ್ತಿದ್ದಾರೆ. ಅದನ್ನು ಬಿಡಿಬಿಡಿಯಾಗಿ ನೋಡಬೇಕು ಎಂಬುದು ನನ್ನ ವಾದ.

ಪ್ರತಿ ಭಾಗಕ್ಕೂ ಮೂರು ಪ್ರಶ್ನೆ ಹಾಕಿ. ಮಳೆಯಲ್ಲಿ ಇದನ್ನು ನಂಬಬಹುದೇ? ಏರಿನಲ್ಲಿ ಇದು ನೆರವಾಗುತ್ತದೆಯೇ? ಕೆಟ್ಟರೆ ಬದಲಿ ಭಾಗ ಎಲ್ಲಿಂದ ಬರಬೇಕು: ಗೋಣಿಕೊಪ್ಪದ ಅಂಗಡಿಯಿಂದಲೋ, ಮೈಸೂರಿನಿಂದ ಬಸ್ಸಿನಲ್ಲೋ, ಬೆಂಗಳೂರಿನಿಂದ ಕೊರಿಯರಿನಲ್ಲೋ, ಹೊರದೇಶದಿಂದಲೋ? ಹಳೆಯದಕ್ಕೆ ಸಾಮಾನು ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಈ ಮೂರನೆಯ ಪ್ರಶ್ನೆ ಹಲವು ಬಾರಿ ಹಳೆಯದರ ಪರವಾಗಿಯೇ ತೀರ್ಪು ಕೊಡುತ್ತದೆ.

ಮೊದಲು ಬ್ರೇಕು, ಗೇರಿನ ಮೋಹ ಆಮೇಲೆ

ರಿಮ್ಮಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಕ್ರೋಮ್ ಲೇಪಿಸಿದ ಉಕ್ಕಿನ ರಿಮ್. ಬೇಸಿಗೆಯಲ್ಲಿ ಅದರ ಮೇಲೆ ದೂರು ಹೇಳುವಂತಿಲ್ಲ. ಮಳೆ ಬಂದಾಗ ಮಾತ್ರ ಕ್ರೋಮಿನ ನುಣುಪಿನ ಮೇಲೆ ನೀರಿನ ಪದರ ಕೂರುತ್ತದೆ. ಲಿವರನ್ನು ಬೆರಳು ನೋಯುವಷ್ಟು ಒತ್ತಿದರೂ ಬ್ರೇಕ್ ರಬ್ಬರು ಜಾರುತ್ತಲೇ ಇರುತ್ತದೆ; ಚಕ್ರ ಹಲವು ಸುತ್ತು ತಿರುಗಿದ ಮೇಲಷ್ಟೇ ಒಂದಿಷ್ಟು ಹಿಡಿತ ಬರುತ್ತದೆ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಹೀಗಾಗುವುದಿಲ್ಲ. ಅಲ್ಲೂ ಮೊದಲ ಸುತ್ತು ನೀರನ್ನು ಒರೆಸುವುದರಲ್ಲೇ ಕಳೆಯುತ್ತದೆ, ಆದರೆ ಆಮೇಲೆ ರಬ್ಬರು ಲೋಹವನ್ನು ಕಚ್ಚುತ್ತದೆ. ಮಡಿಕೇರಿಯಿಂದ ಸಂಪಾಜೆಯವರೆಗೆ ರಸ್ತೆ ಸಾವಿರ ಮೀಟರಿನಷ್ಟು ಕೆಳಕ್ಕಿಳಿಯುತ್ತದೆ. ಆ ತಿರುವುಗಳಲ್ಲಿ ಎದುರಿನಿಂದ ಲಾರಿ ಏರಿ ಬರುವಾಗ ಈ ಎರಡು ರಿಮ್ಮುಗಳ ವ್ಯತ್ಯಾಸ ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ. ಉಕ್ಕಿನ ರಿಮ್ ಇದ್ದರೆ ಬದಲಿಸಿ. ಉಳಿದ ಎಲ್ಲದರಲ್ಲೂ ನಿಮ್ಮ ಇಷ್ಟಕ್ಕೆ ಜಾಗವಿದೆ, ಇದರಲ್ಲಿ ಇಲ್ಲ.

ರಿಮ್ ಬದಲಿಸಲು ಹೊರಟವರು ಅಳತೆಯ ಗೊಂದಲಕ್ಕೆ ಸಿಕ್ಕುತ್ತಾರೆ. ಹಳೆಯ ಸೈಕಲಿನ ಟಯರಿನ ಮೇಲೆ ಸಾಮಾನ್ಯವಾಗಿ “27 ಇಂಚು” ಎಂದಿರುತ್ತದೆ. ಅದರ ಟಯರು ಕೂರುವ ವ್ಯಾಸ 630 ಮಿ.ಮೀ. ಈಗಿನ 700ಸಿ ರಿಮ್ಮಿನದು 622. ನಮ್ಮ ಅಂಗಡಿಗಳಲ್ಲಿ ಹೇರಳವಾಗಿ ಸಿಗುವ ಸಾದಾ ಸೈಕಲಿನ 28 × 1½ ಟಯರಿನದು 635. ಹೊಸ ಹೈಬ್ರಿಡ್ ಸೈಕಲಿನ ಟಯರಿನ ಮೇಲೂ ಕೆಲವೊಮ್ಮೆ 28 ಎಂದೇ ಬರೆದಿರುತ್ತದೆ, ಅದು ಮಾತ್ರ 622. ಅಂದರೆ 28 ಎಂಬ ಹೆಸರಿನ ಒಂದು ಟಯರು 27ಕ್ಕಿಂತ ದೊಡ್ಡದು, ಇನ್ನೊಂದು ಚಿಕ್ಕದು! ಇಂಚಿನ ಲೆಕ್ಕವನ್ನು ಮರೆತು, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ 622, 630, 635ರಂತಹ ಮೂರಂಕಿಯ ಸಂಖ್ಯೆಯನ್ನು ಮಾತ್ರ ನಂಬಿ.

27ರಿಂದ 700ಸಿಗೆ ಇಳಿಯುವುದು ಕೊಡಗಿಗೆ ಒಪ್ಪುವ ಬದಲಾವಣೆ. 27 ಇಂಚಿನ ಒಳ್ಳೆಯ ಟಯರನ್ನು ಹುಡುಕಿಕೊಂಡು ಅಲೆಯಬೇಕು. 700ಸಿ ಟಯರು ಮೈಸೂರಿನಲ್ಲಿ ಕೈಗೆ ಸಿಗುತ್ತದೆ. ರಿಮ್ಮಿನ ಅಂಚು 4 ಮಿ.ಮೀ. ಕೆಳಗೆ ಸರಿಯುವುದರಿಂದ ಫೋರ್ಕಿನಲ್ಲಿ ಜಾಗ ಹೆಚ್ಚುತ್ತದೆ. 28 ಮಿ.ಮೀ. ಟಯರು, ಹಲವು ಫ್ರೇಮುಗಳಲ್ಲಿ 32 ಕೂಡ, ಸಲೀಸಾಗಿ ಕೂರುತ್ತದೆ. ಮಳೆಗಾಲ ಮುಗಿದ ಮೇಲಿನ ಸಿದ್ದಾಪುರ ರಸ್ತೆಯನ್ನು ಕಂಡವರಿಗೆ ಆ ಅಗಲದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ 4 ಮಿ.ಮೀ. ಬ್ರೇಕ್ ರಬ್ಬರೂ ಕೆಳಗೆ ಸರಿಯಬೇಕು. ಬ್ರೇಕಿನ ನಡುಬೋಲ್ಟಿನಿಂದ ರಿಮ್ಮಿನ ಬದಿಯ ನಡುಭಾಗದವರೆಗೆ ಅಳೆಯಿರಿ. ಈಗಿನ ರೇಸಿಂಗ್ ಬ್ರೇಕುಗಳು ಸಾಮಾನ್ಯವಾಗಿ 39ರಿಂದ 49 ಮಿ.ಮೀ.ವರೆಗೆ ಮಾತ್ರ ತಲುಪುತ್ತವೆ. ಹಳೆಯ ಫ್ರೇಮಿಗೆ 47ರಿಂದ 57ರದ್ದು, ಕೆಲವೊಮ್ಮೆ ಅದಕ್ಕೂ ಉದ್ದದ್ದು ಬೇಕು. ನಡುಬೋಲ್ಟಿನ ನಟ್ಟನ್ನೂ ಗಮನಿಸಿ. ಹಳೆಯ ಫ್ರೇಮಿನಲ್ಲಿ ನಟ್ಟು ಹೊರಗೆ ಕೂರುತ್ತದೆ, ಹೊಸ ಬ್ರೇಕಿನದು ಫ್ರೇಮಿನ ತೂತಿನೊಳಗೆ ಕೂರುತ್ತದೆ. ಹೊರನಟ್ಟಿನ ಮಾದರಿಯನ್ನೇ ಕೇಳಿ ಪಡೆದರೆ ಫ್ರೇಮು ಕೊರೆಯುವ ಕೆಲಸ ತಪ್ಪುತ್ತದೆ.

ಚಕ್ರದ ನಡುವಿನ ಹಬ್ ಹಳೆಯದೇ ಇರಲಿ. ಹೊಸ ರಿಮ್ಮನ್ನು ಹೊಸ ಕಡ್ಡಿಗಳಿಂದ ಅದಕ್ಕೇ ಕಟ್ಟಿಸಿ. ರಿಮ್ ತರಿಸುವ ಮೊದಲು ಹಬ್‌ನ ತೂತುಗಳನ್ನು ಎಣಿಸಿ: ಎರಡರಲ್ಲೂ 36 ಇರುವುದು ವಾಡಿಕೆ, ಆದರೆ ಇಂಗ್ಲೆಂಡಿನ ಹಳೆಯ ಸೈಕಲ್‌ಗಳಲ್ಲಿ ಮುಂದೆ 32, ಹಿಂದೆ 40 ಇರುವುದುಂಟು. ಚಕ್ರ ಕಟ್ಟುವ ಕೈ ಕೊಡಗಿನಲ್ಲಿ ಇನ್ನೂ ಇದೆ, ಸಾದಾ ಸೈಕಲ್ ರಿಪೇರಿ ಮಾಡುತ್ತಾ ಬಂದ ಹಿರಿಯರಲ್ಲಿ. ಅಲ್ಯೂಮಿನಿಯಂ ರಿಮ್ಮಿಗೆ ಕಡ್ಡಿಗಳ ಎಳೆತ ಎಲ್ಲ ಕಡೆ ಸಮನಾಗಿರಬೇಕು ಎಂದು ಮೊದಲೇ ಹೇಳಿಬಿಡಿ.

ರಿಮ್ ಮೊದಲೇ ಅಲ್ಯೂಮಿನಿಯಂನದಾಗಿದ್ದರೆ ಖರ್ಚು ತೀರಾ ಕಡಿಮೆ. ಮೂವತ್ತು ನಲವತ್ತು ವರ್ಷ ಗಟ್ಟಿಯಾದ ಬ್ರೇಕ್ ರಬ್ಬರನ್ನು ಎಸೆದು ಹೊಸದನ್ನು ಹಾಕಿ. ಮಳೆಗೆಂದೇ ಮಾಡಿದ ಕೂಲ್‌ಸ್ಟಾಪ್‌ನ ಕೇಸರಿಬಣ್ಣದ ರಬ್ಬರು ಸಿಕ್ಕಿದರೆ ಇನ್ನೂ ಒಳ್ಳೆಯದು. ಒಳಗೆ ಪ್ಲಾಸ್ಟಿಕ್ ಪದರವಿರುವ ಹೊಸ ಔಟರು (ವೈರಿನ ಹೊರಕವಚ), ತುಕ್ಕು ಹಿಡಿಯದ ಸ್ಟೇನ್‌ಲೆಸ್ ವೈರು ಹಾಕಿ. ಇಷ್ಟಾದ ಮೇಲೂ ಹಳೆಯ ಬ್ರೇಕು ಸಾಲದು ಎನಿಸಿದರೆ ಎರಡು ಕೀಲಿನ ಹೊಸ ಬ್ರೇಕನ್ನು ನೋಡಿ. ಹಳೆಯ ಲಿವರುಗಳೊಂದಿಗೇ ಅದು ಕೆಲಸ ಮಾಡುತ್ತದೆ, ಒಂದೇ ಒತ್ತಿಗೆ ಹೆಚ್ಚು ಬಲ ಕೊಡುತ್ತದೆ.

ಏರಿನ ಲೆಕ್ಕ

ಹಳೆಯ ರೇಸಿಂಗ್ ಸೈಕಲಿನ ಗೇರು ಯೂರೋಪಿನ ರೇಸುಗಾರರ ತೊಡೆಗಳನ್ನು ನೋಡಿ ಲೆಕ್ಕ ಹಾಕಿದ್ದು, ನಮ್ಮನಿಮ್ಮವನ್ನು ನೋಡಿಯಲ್ಲ. ಮುಂದೆ 52 ಮತ್ತು 42 ಹಲ್ಲು, ಹಿಂದೆ 14ರಿಂದ 24. ಅತಿ ಹಗುರದ ಗೇರು 42ಕ್ಕೆ 24, ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೂಮುಕ್ಕಾಲು ಸುತ್ತು. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಗಂಟೆಗೆ ಸುಮಾರು 13.5 ಕಿ.ಮೀ. ವೇಗ ಇಟ್ಟುಕೊಳ್ಳಲೇಬೇಕು. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಏರು. ಅಲ್ಲಿ ಆ ವೇಗ ಹೆಚ್ಚಿನವರಿಗೆ ಆಗದ ಮಾತು. ವೇಗ ಇಳಿದಂತೆ ತುಳಿತವೂ ನಿಧಾನವಾಗಿ, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹೇರಿ, ಮಂಡಿ ನೋಯಿಸಿಕೊಂಡು ಹತ್ತಬೇಕಾಗುತ್ತದೆ. ಮಂಡಿ ಹೋದ ಮೇಲೆ ಸೈಕಲ್ ಎಷ್ಟು ಚಂದವಿದ್ದರೇನು?

ಇದನ್ನು ಸರಿಪಡಿಸಲು ಎರಡು ದಾರಿ.

ಒಂದು, ಹಿಂದಿನಿಂದ. ಏಳು ಗೇರಿನ, ತಿರುಗಿಸಿ ಕೂರಿಸುವ ಫ್ರೀವೀಲನ್ನು (ಹಿಂದಿನ ಹಲ್ಲುಚಕ್ರಗಳ ಗುಂಪು) ಜಪಾನಿನ ಶಿಮಾನೊ ಕಂಪನಿ 14–28 ಮತ್ತು 14–34 ಹಲ್ಲುಗಳಲ್ಲಿ ಮಾಡುತ್ತದೆ. ಅಗ್ಗದ ಗೇರ್ ಸೈಕಲ್‌ಗಳಿಗೆಂದು ಬರುವ ಸಾಮಾನು ಇದು, ಹಾಗಾಗಿ ಹುಡುಕಾಟ ಕಡಿಮೆ. ಇಂಗ್ಲಿಷ್ ಥ್ರೆಡ್ಡಿನ, ಆರೇಳು ಗೇರಿನ ಹಳೆಯ ಹಬ್‌ಗೆ ಇದು ನೇರವಾಗಿ ಕೂರುತ್ತದೆ. 28 ಹಲ್ಲಿನೊಂದಿಗೆ 60 ಸುತ್ತಿನ ವೇಗ ಗಂಟೆಗೆ 11.5 ಕಿ.ಮೀ.ಗೆ ಇಳಿಯುತ್ತದೆ, 34ರೊಂದಿಗೆ 9.5ಕ್ಕೆ. 14–34ರಲ್ಲಿ ಒಂದು ಕೊಂಕಿದೆ: 24 ಹಲ್ಲಿನಿಂದ ಒಂದೇ ನೆಗೆತಕ್ಕೆ 34. ಸಮರಸ್ತೆಯಲ್ಲಿ ಆ ಕೊನೆಯ ಚಕ್ರವನ್ನು ಮರೆತುಬಿಡಬೇಕು, ಘಟ್ಟದಲ್ಲಿ ಮಾತ್ರ ನೆನೆಯಬೇಕು. ಜೊತೆಗೆ, ರೇಸಿಗೆಂದು ಮಾಡಿದ ಗಿಡ್ಡ ಡಿರೈಲರು (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 26, ಹೆಚ್ಚೆಂದರೆ 28 ಹಲ್ಲಿನವರೆಗೆ ಮಾತ್ರ ನಿಭಾಯಿಸುತ್ತದೆ. 34 ಹಾಕಿದರೆ ಉದ್ದ ಕೈಯ ಡಿರೈಲರು ಬೇಕೇ ಬೇಕು.

ಎರಡು, ಮುಂದಿನಿಂದ. 50 ಮತ್ತು 34 ಹಲ್ಲಿನ ಕ್ರ್ಯಾಂಕ್ (ಪೆಡಲಿನ ತೋಳು, ಅದರ ಹಲ್ಲುಚಕ್ರಗಳ ಸಮೇತ) ಹಾಕಿಸಿದರೆ ಹಿಂದೆ ಬರೀ 28 ಇದ್ದರೂ ವೇಗ 9.3 ಕಿ.ಮೀ.ಗೆ ಇಳಿಯುತ್ತದೆ, ಹೆಚ್ಚುಕಡಿಮೆ ಮೊದಲ ದಾರಿಯಷ್ಟೇ ಹಗುರ, ಆ ದೊಡ್ಡ ನೆಗೆತವೂ ಇಲ್ಲ. ಆದರೆ ಖರ್ಚು ಹೆಚ್ಚು. ಹಳೆಯ ಕ್ರ್ಯಾಂಕಿಗೇ ಚಿಕ್ಕ ಚೈನ್‌ವೀಲ್ ಹಾಕಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಚೈನ್‌ವೀಲನ್ನು ಹಿಡಿದಿಡುವ ಬೋಲ್ಟುಗಳು ಕೂರುವ ವೃತ್ತದ ವ್ಯಾಸವನ್ನು ಅವಲಂಬಿಸಿದೆ. ಇಟಲಿಯ ಕಂಪಾಗ್ನೊಲೊ ಕಂಪನಿಯ ಹಳೆಯ 144 ಮಿ.ಮೀ. ವೃತ್ತದಲ್ಲಿ 41ಕ್ಕಿಂತ ಚಿಕ್ಕದು ಕೂರುವುದಿಲ್ಲ. 130ರಲ್ಲಿ 38ರವರೆಗೆ ಇಳಿಯಬಹುದು. 110ರಲ್ಲಿ 34 ಆರಾಮವಾಗಿ ಕೂರುತ್ತದೆ. ಕ್ರ್ಯಾಂಕ್ ಬದಲಿಸಿದರೆ ಬಿಬಿಯ (ಬಾಟಮ್ ಬ್ರಾಕೆಟ್, ಫ್ರೇಮಿನ ತಳದಲ್ಲಿ ಕ್ರ್ಯಾಂಕ್ ತಿರುಗುವ ಬೇರಿಂಗು) ಆಕ್ಸಲಿನ ಉದ್ದವೂ ಅದಕ್ಕೆ ಹೊಂದಬೇಕು. ಹಿಂದಿನ ಡಿರೈಲರು ಹೆಚ್ಚುವರಿ ಚೈನನ್ನು ಎಳೆದುಕೊಳ್ಳಬೇಕಾದ್ದರಿಂದ ಅದರ ಪಾಡು ಎರಡೂ ದಾರಿಯಲ್ಲಿ ಒಂದೇ: ಮುಂದಿನ ವ್ಯತ್ಯಾಸ 16, ಹಿಂದಿನದು 14, ಒಟ್ಟು 30 ಹಲ್ಲು. 52/42ಕ್ಕೆ 14–34 ಹಾಕಿದರೂ ಮೊತ್ತ 30ಕ್ಕೇ ಬಂದು ನಿಲ್ಲುತ್ತದೆ.

ನನ್ನ ಮತ ಮೊದಲ ದಾರಿಗೆ. ಸಾಮಾನು ಕಡಿಮೆ, ದುಡ್ಡು ಕಡಿಮೆ, ನಾಳೆ ಬೇಡವೆನಿಸಿದರೆ ಫ್ರೀವೀಲ್ ಬಿಚ್ಚಿ ಹಳೆಯದನ್ನು ಮತ್ತೆ ಕೂರಿಸಬಹುದು. ಕುಶಾಲನಗರದ ಕಡೆಯ ಸಮರಸ್ತೆಯಲ್ಲೇ ಹೆಚ್ಚು ಓಡಾಡುವವರಿಗೆ 14–28 ಸಾಕು.

ಗೇರ್ ಲಿವರ್: ಒಂದನ್ನು ಎಳೆದರೆ ಎಲ್ಲವೂ ಬರುತ್ತವೆ

ಹೊಸತರ ಆಸೆ ಹುಟ್ಟುವುದೇ ಇಲ್ಲಿ. ಬ್ರೇಕ್ ಲಿವರಿನಲ್ಲೇ ಗೇರು ಬದಲಿಸುವ ವ್ಯವಸ್ಥೆಯನ್ನು ಶಿಮಾನೊ 1990ರಲ್ಲಿ ತಂದಿತು, ಎಸ್‌ಟಿಐ ಎಂಬ ಹೆಸರಿನಲ್ಲಿ. ಒಮ್ಮೆ ಅದರ ಮೇಲೆ ಸವಾರಿ ಮಾಡಿ ಬಂದವರಿಗೆ ಓರೆ ಪೈಪಿನ ಲಿವರು ಅಜ್ಜನ ಕಾಲದ್ದೆನಿಸುತ್ತದೆ. ಆದರೆ ಶಿಮಾನೊದ ಕ್ಲಾರಿಸ್‌ನಂತಹ ಎಂಟು ಗೇರಿನ ಎಸ್‌ಟಿಐ ಜೋಡಿಯನ್ನು ತಂದಿರಿ ಎಂದಿಟ್ಟುಕೊಳ್ಳಿ, ಮುಂದಿನ ಕಥೆ ಹೀಗಿದೆ. ಎಂಟು ಗೇರಿನ ಕ್ಯಾಸೆಟ್ಟಿಗೆ (ಹಬ್‌ನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪು) ಹೊಸ ಹಬ್ ಬೇಕು, ಅಂದರೆ ಹೊಸ ಹಿಂಚಕ್ರ. ಆ ಹಬ್ 130 ಮಿ.ಮೀ. ಅಗಲ, ಆರೇಳು ಗೇರಿನ ಹಳೆಯ ಫ್ರೇಮಿನ ಹಿಂಗಾಲುಗಳ ನಡುವೆ ಇರುವುದು 126, ಐದು ಗೇರಿನದರಲ್ಲಿ 120. ಡಿರೈಲರು ಬದಲಾಗಬೇಕು. ಓರೆ ಪೈಪಿನಲ್ಲಿ ಲಿವರಿನ ಜಾಗಕ್ಕೆ ಔಟರು ನಿಲ್ಲಿಸುವ ಕೊಂಡಿ ಬೇಕು. ಹಳೆಯ ಹ್ಯಾಂಡಲಿನ ಬಾಗಿಗೆ ಹೊಸ ಲಿವರು ಒಪ್ಪದೆ ಹ್ಯಾಂಡಲೂ ಬದಲಾಗುತ್ತದೆ. ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಅಳತೆ ಬೇರೆಯಾದರೆ ಅದೂ. ಕೊನೆಗೆ ಲೆಕ್ಕ ಕೂಡಿದಾಗ ಮೂಗಿಗಿಂತ ಮೂಗುತಿ ಭಾರ. ಅಷ್ಟು ಹಣಕ್ಕೆ ಸುಸ್ಥಿತಿಯ ಇನ್ನೊಂದು ಸೆಕೆಂಡ್ ಹ್ಯಾಂಡ್ ಸೈಕಲೇ ಬಂದೀತು.

126ರ ಉಕ್ಕಿನ ಫ್ರೇಮನ್ನು 130ಕ್ಕೆ ಅಗಲಿಸಬಹುದು. ಒಂದೊಂದು ಬದಿಗೆ 2 ಮಿ.ಮೀ. ಮಾತ್ರ, ಉಕ್ಕು ಅದನ್ನು ತಾಳಿಕೊಳ್ಳುತ್ತದೆ. ಎರಡೂ ಬದಿ ಸಮನಾಗಿ ಸರಿದಿವೆಯೇ ಎಂದು ತಲೆಯ ಪೈಪಿನಿಂದ ಹಿಂದಿನವರೆಗೆ ದಾರ ಕಟ್ಟಿ ನೋಡಬೇಕು, ಚಕ್ರ ಕೂರುವ ತುದಿಗಳನ್ನು ಮತ್ತೆ ಒಂದಕ್ಕೊಂದು ಸಮಾನಾಂತರ ಮಾಡಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಈ ಪ್ರಯೋಗ ಬೇಡವೇ ಬೇಡ, ಬಿರುಕು ಬಿಡುತ್ತದೆ.

ಹಾಗಾದರೆ ಹಳೆಯ ಲಿವರಿನಲ್ಲಿ ಏನು ಹೆಚ್ಚುಗಾರಿಕೆ? ಅದರಲ್ಲಿ ಮೆಟ್ಟಿಲುಗಳಿಲ್ಲ. ಕೈಗೆ ಬಂದಷ್ಟು ಎಳೆದು, ಚೈನಿನ ಸದ್ದು ನಿಂತ ಕಡೆ ಬಿಡುವುದು. ವೈರು ಸ್ವಲ್ಪ ತುಕ್ಕು ಹಿಡಿದಿರಲಿ, ಜೀಪಿನ ಹಿಂದೆ ಹೇರಿದಾಗ ಡಿರೈಲರಿನ ಕೊಕ್ಕೆ ಕೊಂಚ ಬಾಗಿರಲಿ, ಫ್ರೀವೀಲ್ ಒಂದು ಕಂಪನಿಯದು ಡಿರೈಲರು ಇನ್ನೊಂದರದು ಆಗಿರಲಿ, ಅದು ನಡೆಯುತ್ತದೆ. ಟಕ್ ಟಕ್ ಎಂದು ಕೂರುವ ಇಂಡೆಕ್ಸ್ ಲಿವರಿಗೆ ಈ ಔದಾರ್ಯವಿಲ್ಲ. ಅದಕ್ಕೆ ವೈರು ಶುಚಿಯಾಗಿರಬೇಕು, ಕೊಕ್ಕೆ ನೇರವಾಗಿರಬೇಕು, ಹಲ್ಲುಚಕ್ರಗಳ ಅಂತರ ಲಿವರಿನ ಲೆಕ್ಕಕ್ಕೆ ಸರಿಹೊಂದಬೇಕು. ಶಿಮಾನೊದ ಇಂಡೆಕ್ಸ್ ಬಂದದ್ದು 80ರ ದಶಕದ ನಡುಭಾಗದಲ್ಲಿ, ಡ್ಯೂರಾ-ಏಸ್ 7400ರೊಂದಿಗೆ. ಆ ಡ್ಯೂರಾ-ಏಸ್ ಡಿರೈಲರು ವೈರನ್ನು ಎಳೆಯುವ ಲೆಕ್ಕವೇ ಶಿಮಾನೊದ ಉಳಿದ ಸಾಮಾನಿಗಿಂತ ಬೇರೆ. ನಿಮ್ಮ ಸೈಕಲಿನಲ್ಲಿ ಅದು ಇದ್ದರೆ ಬೇರೆ ಇಂಡೆಕ್ಸ್ ಲಿವರಿನೊಂದಿಗೆ ಬೆರೆಸಲು ಹೋಗಬೇಡಿ. ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಕೆಸರು ಕುಡಿದ ಔಟರಿನ ಮೂಲಕ ಇಂಡೆಕ್ಸ್ ಗೇರು ಹಾಕಲು ನೋಡಿದವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ಹಳೆಯ ಲಿವರಿನ ಮೇಲಿರುವ ಒಂದು ಆಕ್ಷೇಪಕ್ಕೆ ಮಾತ್ರ ನನ್ನ ಒಪ್ಪಿಗೆಯಿದೆ. ಗೇರು ಹಾಕಲು ಹ್ಯಾಂಡಲಿನಿಂದ ಕೈ ತೆಗೆಯಬೇಕು. ಮಾಕುಟ್ಟ ಘಟ್ಟದ ಗುಂಡಿಗಳ ನಡುವೆ ಅದು ಸುಖದ ಕೆಲಸವಲ್ಲ. ಇದಕ್ಕೆ ನಡುವಿನ ದಾರಿಯಿದೆ. ಹ್ಯಾಂಡಲಿನ ತುದಿಗೆ ಕೂರುವ ಲಿವರುಗಳು ಸಿಗುತ್ತವೆ. ಮೆಟ್ಟಿಲಿಲ್ಲದ ಮಾದರಿಯನ್ನು ಆರಿಸಿಕೊಂಡರೆ ವೈರು, ಔಟರು, ಓರೆ ಪೈಪಿನ ಕೊಂಡಿ ಬಿಟ್ಟು ಉಳಿದ ಯಾವ ಸಾಮಾನನ್ನೂ ಮುಟ್ಟಬೇಕಿಲ್ಲ. ಬ್ರೇಕ್ ಲಿವರಿನಲ್ಲೇ ಗೇರು ಬೇಕು ಎಂದು ಹಟ ಹಿಡಿದವರಿಗೆ ಶಿಮಾನೊದ ಟೂರ್ನಿ ಎ070 ಇದೆ. ಅದು ಏಳು ಗೇರಿನದಾದ್ದರಿಂದ 126ರ ಫ್ರೇಮು, ಹಳೆಯ ಹಬ್, ತಿರುಗಿಸಿ ಕೂರಿಸುವ ಫ್ರೀವೀಲ್ ಎಲ್ಲವೂ ಉಳಿಯುತ್ತವೆ. ಅದಕ್ಕೆ ಹೆಸರಿನ ಮೆರುಗಿಲ್ಲ. ಕೆಲಸ ಮಾತ್ರ ಅಚ್ಚುಕಟ್ಟು.

ಗುಂಡು ಮತ್ತು ಗ್ರೀಸು

ಹಬ್, ಹ್ಯಾಂಡಲ್ ತಿರುಗುವ ಹೆಡ್‌ಸೆಟ್, ಬಿಬಿ ಈ ಮೂರರಲ್ಲೂ ಹಳೆಯದನ್ನು ಉಳಿಸಿಕೊಳ್ಳಿ. ಹಳೆಯ ಹಬ್ ಒಳಗೆ ಇರುವುದು ಕಪ್, ಕೋನು ಮತ್ತು ಬಿಡಿ ಗುಂಡುಗಳು. ಸಾದಾ ಸೈಕಲಿನಲ್ಲಿರುವುದೂ ಅದೇ ವ್ಯವಸ್ಥೆ, ಹಾಗಾಗಿ ಸೋಮವಾರಪೇಟೆಯ ಸಂತೆಬೀದಿಯಲ್ಲೂ ಗುಂಡು ಸಿಗುತ್ತದೆ. ಹೊಸ ಹಬ್‌ಗಳ ಮುಚ್ಚಿದ ಬೇರಿಂಗು ಕೆಟ್ಟರೆ ಅದರ ನಂಬರು ಹುಡುಕಿ, ತರಿಸಿ, ಒತ್ತಿ ಕೂರಿಸಬೇಕು.

ಮಳೆಗಾಲ ಮುಗಿದ ಮೇಲೆ ಒಮ್ಮೆ ಹಿಂದಿನ ಹಬ್ ಬಿಚ್ಚಿ ನೋಡಿ. ಮೊದಲು ಫ್ರೀವೀಲ್ ತೆಗೆಯಬೇಕು. ಅದರ ಕಚ್ಚಿಗೆ ಸರಿಯಾಗಿ ಕೂರುವ ಉಪಕರಣವೇ ಬೇಕು, ಉಳಿಯಿಟ್ಟು ಬಡಿದರೆ ಕಚ್ಚು ಮುರಿದು ಫ್ರೀವೀಲ್ ಶಾಶ್ವತವಾಗಿ ಕೂರುತ್ತದೆ. ತೆಳು ಪಾನಾದಿಂದ ಕೋನನ್ನು ಹಿಡಿದು ಹೊರಗಿನ ನಟ್ಟು ಸಡಿಲಿಸಿ, ಕೆಳಗೆ ಬಟ್ಟೆ ಹಾಸಿ ಆಕ್ಸಲ್ ಎಳೆಯಿರಿ. ನೀರು ಹೊಕ್ಕಿದ್ದರೆ ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಗುಂಡುಗಳು ಸಾಮಾನ್ಯವಾಗಿ ಕಾಲು ಇಂಚಿನವು, ಬದಿಗೆ ಒಂಬತ್ತು. ಹೊಳಪು ಹೋಗಿ ಮಬ್ಬಾಗಿದ್ದರೆ ಎಲ್ಲವನ್ನೂ ಎಸೆಯಿರಿ. ಹಳೆಯದು ಹೊಸದು ಬೆರೆಸಿದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಕೋನಿನ ಮೇಲೆ ಗುಂಡು ಓಡುವ ಹಾದಿಯನ್ನು ಬೆಳಕಿಗೆ ಹಿಡಿದು ನೋಡಿ. ನುಣುಪಾದ ಗೆರೆ ಇದ್ದರೆ ಚಿಂತೆಯಿಲ್ಲ, ಬಾಲ್ ಪೆನ್ನಿನ ತುದಿ ಎಡವುವಂತಹ ಗುಳಿಗಳಿದ್ದರೆ ಕೋನು ಬದಲಿಸಬೇಕು. ಹೊಸ ಗ್ರೀಸನ್ನು ಧಾರಾಳವಾಗಿ ತುಂಬಿ, ಹೊರಗೆ ಉಕ್ಕಿದ್ದನ್ನು ಒರೆಸಬೇಡಿ. ಮುಂದಿನ ಮಳೆಗೆ ಅದೇ ತಡೆ. ಕೋನು ಬಿಗಿ ಮಾಡುವಾಗ ಅಲುಗಾಟ ಇನ್ನೇನು ಹೋಗಬೇಕು ಎನ್ನುವಲ್ಲಿ ನಿಲ್ಲಿಸಿ, ಏಕೆಂದರೆ ಚಕ್ರವನ್ನು ಫ್ರೇಮಿಗೆ ಬಿಗಿಯುವ ಕ್ವಿಕ್ ರಿಲೀಸ್ ಲಿವರನ್ನು ಒತ್ತಿದಾಗ ಇನ್ನೊಂದು ಚೂರು ಬಿಗಿಯಾಗುತ್ತದೆ.

ಒಂದು ಅಪವಾದವಿದೆ. ಏಳು ಗೇರಿನ ಫ್ರೀವೀಲ್ ಇರುವ ಹಬ್‌ನಲ್ಲಿ ಬಲಬದಿಯ ಗುಂಡುಗಳು ತುಂಬ ಒಳಗೆ ಉಳಿದು, ಆಕ್ಸಲಿನ ಉದ್ದದ ತುಂಡೊಂದಕ್ಕೆ ಆಸರೆ ಇರುವುದಿಲ್ಲ. ಭಾರವಾದ ಸವಾರ, ಗುಂಡಿ ಬಿದ್ದ ರಸ್ತೆ ಎರಡೂ ಸೇರಿದರೆ ಆಕ್ಸಲ್ ಬಾಗುತ್ತದೆ, ಮುರಿದರೂ ಮುರಿಯಿತು. ಕ್ಯಾಸೆಟ್ ಹಬ್‌ನಲ್ಲಿ ಆ ಗುಂಡುಗಳು ಹೊರತುದಿಗೆ ಸರಿದಿರುತ್ತವೆ. ಆಕ್ಸಲ್ ಪದೇಪದೇ ಬಾಗುತ್ತಿದ್ದರೆ ಹಳೆಯ ಹಬ್‌ನ ಅಭಿಮಾನ ಬಿಟ್ಟು ಕ್ಯಾಸೆಟ್ಟಿಗೆ ಹೋಗುವುದೇ ಸರಿ.

ಬಿಬಿ ಪೂರಾ ಸವೆದಿದ್ದರೆ ಮುಚ್ಚಿದ ಕಾರ್ಟ್ರಿಜ್ ಬಿಬಿ ಹಾಕಿಸಿ, ಮಳೆನಾಡಿಗೆ ಅದು ನಿಜವಾಗಿಯೂ ಮೇಲು; ಕೆಸರು ನೀರು ಮೊದಲು ಸೇರುವ ಜಾಗವೇ ಅದು. ತರಿಸುವ ಮೊದಲು ಫ್ರೇಮಿನ ಥ್ರೆಡ್ ತಿಳಿದುಕೊಳ್ಳಿ. ಕೊಳವೆಯ ಅಗಲ 68 ಮಿ.ಮೀ. ಇದ್ದರೆ ಇಂಗ್ಲಿಷ್ ಆಗಿರಬಹುದು, 70 ಇದ್ದರೆ ಇಟಾಲಿಯನ್. ಇಂಗ್ಲಿಷ್‌ನಲ್ಲಿ ಬಲಬದಿಯ ಕಪ್ ಉಲ್ಟಾ ಥ್ರೆಡ್, ಇಟಾಲಿಯನ್ ಮತ್ತು ಹಳೆಯ ಫ್ರೆಂಚ್ ಸೈಕಲ್‌ಗಳಲ್ಲಿ ಎರಡೂ ಬದಿ ನೇರ. ರ‍್ಯಾಲಿ ಕಂಪನಿಯ ಕೆಲವು ಹಳೆಯ ಸೈಕಲ್‌ಗಳಿಗೆ ಇಂಚಿಗೆ 26 ಸುತ್ತಿನ ತಮ್ಮದೇ ಥ್ರೆಡ್ ಇತ್ತು. ಸಾಮಾನ್ಯ 24ರದ್ದನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮೇ ಹಾಳು. ಕಾಟರ್ ಪಿನ್ನಿನ ಕ್ರ್ಯಾಂಕ್ ಇದ್ದರೆ ಅದನ್ನು ಕೀಳರಿಮೆಯಿಂದ ನೋಡಬೇಕಿಲ್ಲ. ಪಿನ್ನು ಪ್ರತಿ ಊರಿನಲ್ಲೂ ಸಿಗುತ್ತದೆ, ಅರ ಹಿಡಿದು ಚೂರು ಉಜ್ಜಿ ಕೂರಿಸುವುದು ಹಳೆಯ ಮೇಸ್ತ್ರಿಗಳಿಗೆ ನೀರು ಕುಡಿದಷ್ಟು ಸುಲಭ.

ಚೈನಿನ ವಿಚಾರ ಚುಟುಕಾಗಿ: ಸ್ಕೇಲಿಟ್ಟು 12 ಇಂಚು ಅಳೆಯಿರಿ. ಪಿನ್ನು 12ರ ಗೆರೆಯಿಂದ ಹದಿನಾರನೇ ಒಂದು ಇಂಚು ಆಚೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಹೋಗಿದ್ದರೆ ಫ್ರೀವೀಲೂ ಸವೆದಿರುತ್ತದೆ. ಕೊಡಗಿನ ಹಲವು ಮನೆಗಳಲ್ಲಿ ಕೋವಿಗೆ ಹಾಕುವ ತೆಳು ಎಣ್ಣೆ ಇರುತ್ತದೆ. ಡಿರೈಲರಿನ ಕೀಲು, ಬ್ರೇಕಿನ ಕೀಲುಗಳಿಗೆ ಅದು ಸೊಗಸು. ಚೈನಿಗೆ ಬೇಡ, ಮೊದಲ ಮಳೆಗೇ ತೊಳೆದುಹೋಗುತ್ತದೆ.

ಫ್ರೇಮು, ಮತ್ತು ಎಸೆಯಲೇಬೇಕಾದವು

ಉಕ್ಕಿನ ಫ್ರೇಮಿಗೆ ತುಕ್ಕು ಹಿಡಿಯುವುದು ಒಳಗಿನಿಂದ. ಸೀಟಿನ ಕಂಬದ ಸಂದಿನಿಂದ ಇಳಿದ ನೀರು ಬಿಬಿಯ ಕೊಳವೆಯಲ್ಲಿ ನಿಲ್ಲುತ್ತದೆ. ಅದರ ಕೆಳಗೆ ತೂತಿದ್ದರೆ ಕೆಸರು ಕಟ್ಟಿಕೊಂಡಿದೆಯೇ ನೋಡಿ, ಕಡ್ಡಿಯಿಂದ ಚುಚ್ಚಿ ಬಿಡಿಸಿ. ಅಲ್ಯೂಮಿನಿಯಂ ಸೀಟ್ ಪೋಸ್ಟು ಉಕ್ಕಿನ ಪೈಪಿನೊಳಗೆ ತೇವದಲ್ಲಿ ವರ್ಷಗಟ್ಟಲೆ ಕೂತರೆ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ಒಂದಾಗಿಬಿಡುತ್ತವೆ. ಹ್ಯಾಂಡಲಿನ ಸ್ಟೆಮ್ಮಿಗೂ ಇದೇ ಗತಿ. ಪ್ರತಿ ಮೇ ತಿಂಗಳಲ್ಲಿ ಎರಡನ್ನೂ ಹೊರಗೆಳೆದು ಗ್ರೀಸು ಹಚ್ಚಿ ಕೂರಿಸಿದರೆ ಸಾಕು. ಈಗಾಗಲೇ ಹಿಡಿದಿದ್ದರೆ ಒಳಕ್ಕಿಳಿಯುವ ಎಣ್ಣೆಯನ್ನು ಕೆಲವು ದಿನ ದಿನವೂ ಬಿಟ್ಟು ಕಾಯಿರಿ, ಸುತ್ತಿಗೆಗೆ ಅವಸರ ಮಾಡಬೇಡಿ. ಸ್ಟೆಮ್ಮಿನ ಬೋಲ್ಟನ್ನು ಪೂರ್ತಿ ಬಿಚ್ಚದೆ ಕೆಲವು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ತಟ್ಟಿದರೆ ಒಳಗಿನ ಬೆಣೆ ಬಿಡುತ್ತದೆ.

ಅಭಿಮಾನಿಗಳು ಉಳಿಸಿಕೊಳ್ಳಿ ಎನ್ನುವ, ನಾನು ಎಸೆಯಿರಿ ಎನ್ನುವ ಎರಡು ವಸ್ತುಗಳಿವೆ. ಒಂದು, ಫ್ರಾನ್ಸಿನ ಸಿಂಪ್ಲೆಕ್ಸ್ ಕಂಪನಿಯ ಪ್ಲಾಸ್ಟಿಕ್ ಡಿರೈಲರು. ವಯಸ್ಸಾದ ಪ್ಲಾಸ್ಟಿಕ್ ಬಿರಿಯುತ್ತದೆ, ಬಿರಿದ ದಿನ ನೀವು ಎಲ್ಲಿರುತ್ತೀರಿ ಎಂದು ಹೇಳಲಾಗದು. ಆನೆ ಓಡಾಡುವ ತೋಟದ ರಸ್ತೆಯಲ್ಲಿ ಸಂಜೆ ಸೈಕಲ್ ತಳ್ಳಿಕೊಂಡು ಬರುವ ಪಾಡು ಯಾರಿಗೂ ಬೇಡ. ಇನ್ನೊಂದು, ಎಷ್ಟು ಓಡಿದೆ ಎಂಬುದೇ ಗೊತ್ತಿಲ್ಲದ ಅಲ್ಯೂಮಿನಿಯಂ ಹ್ಯಾಂಡಲ್. ಅಲ್ಯೂಮಿನಿಯಂ ದಣಿಯುವ ಲೋಹ. ಹೊರಗೆ ಹೊಳೆಯುತ್ತಿದ್ದರೂ ಸ್ಟೆಮ್ಮು ಹಿಡಿದ ಜಾಗದಲ್ಲಿ ಕೂದಲೆಳೆಯ ಬಿರುಕು ಬೆಳೆದಿರಬಹುದು. ಟೇಪು ಬಿಚ್ಚಿ, ಸ್ಟೆಮ್ಮು ಸಡಿಲಿಸಿ, ಆ ಭಾಗವನ್ನು ಒರೆಸಿ ನೋಡಿ. ಅನುಮಾನ ಬಂದರೆ ಹೊಸದು ಹಾಕಿ. ಅಳತೆ ಮಾತ್ರ ಮರೆಯಬೇಡಿ: ಹಳೆಯ ಹ್ಯಾಂಡಲಿನ ನಡುಭಾಗ 25.4, 26 ಅಥವಾ 26.4 ಮಿ.ಮೀ. ಇರುತ್ತದೆ, ಸ್ಟೆಮ್ಮಿಗೆ ಅಷ್ಟೇ ದಪ್ಪದ್ದು ಬೇಕು.

ದುಡ್ಡು ಒಂದೇ ಸಲಕ್ಕೆ ಕೂಡಿಬರದಿದ್ದರೆ ಮೊದಲ ಮಳೆಗೆ ಮುಂಚೆ ರಿಮ್ಮು, ರಬ್ಬರು, ವೈರು, ಟಯರು ಮುಗಿಸಿ. ತುಲಾ ಸಂಕ್ರಮಣದ ಹೊತ್ತಿಗೆ ಹಬ್ ಬಿಚ್ಚುವಾಗ ಹೇಗೂ ಫ್ರೀವೀಲ್ ಕೈಗೆ ಬಂದಿರುತ್ತದೆ, ಹಗುರ ಗೇರನ್ನು ಆಗಲೇ ಹಾಕಿಸಿ. ಎರಡು ಕೆಲಸಕ್ಕೆ ಒಂದೇ ಬಿಚ್ಚಾಟ. ಲಿವರಿನ ಮಾತು ಅದರ ಮುಂದಿನ ವರ್ಷಕ್ಕಿರಲಿ. ಅಷ್ಟರಲ್ಲಿ ಹಳೆಯದು ಕೈಗೆ ಪಳಗಿ, ಬದಲಿಸುವ ಆಸೆಯೇ ಹೋಗಿದ್ದರೂ ಆಶ್ಚರ್ಯವಿಲ್ಲ.

ಫ್ರೇಮಿನ ಮೇಲೆ ರೆನಾಲ್ಡ್ಸ್ 531 ಇಲ್ಲವೇ ಕೊಲಂಬಸ್ ಕೊಳವೆಯ ಚೀಟಿ, ಮೈತುಂಬ ಒಂದೇ ತಲೆಮಾರಿನ ಕಂಪಾಗ್ನೊಲೊ ಸಾಮಾನು ಇರುವ ಸೈಕಲ್ ನಿಮ್ಮದಾಗಿದ್ದರೆ ಲೆಕ್ಕ ಸ್ವಲ್ಪ ಬೇರೆ. ಅಂಥದ್ದಕ್ಕೆ ಕೊರೆಯುವುದು, ಅಗಲಿಸುವುದು ಯಾವುದೂ ಬೇಡ; ಬಿಚ್ಚಿ ಮರಳಿ ಕೂರಿಸಬಹುದಾದ ಬದಲಾವಣೆಗಳನ್ನಷ್ಟೇ ಮಾಡಿ. ತೆಗೆದ ಭಾಗಗಳನ್ನು ಒರೆಸಿ, ಎಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಯಾವ ಬೋಲ್ಟು ಎಲ್ಲಿಯದೆಂದು ಒಂದು ಚೀಟಿಯನ್ನೂ ಬರೆದಿಡಿ. ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರೆ ಎರಡು ಮಳೆಗಾಲಕ್ಕೆ ಕ್ರೋಮು ಏಳುತ್ತದೆ.